ಹಾವೂ ಸಾಯದೆ

ಲಾಂಡಿಡ್ನೊ ಕಡಲ ದಂಡೆಯ ಹಳೆಯ ನಾಟಕಶಾಲೆ.
ಪಟ್ಟದ ಪಂದ್ಯ. ಎಂಟು ದಿನ, ಎಂಟು ಆಟ, ಎಂಟೂ ಡ್ರಾ.
ವೇದಿಕೆಯ ಹಿಂದಿನ ದೊಡ್ಡ ಹಲಗೆಯ ಮೇಲೆ
ಕೊಕ್ಕೆಯ ಕೋಲಿನಿಂದ ಕಾಯಿ ಜರುಗಿಸುವುದು ನನ್ನ ಕೆಲಸ.
ಔಷಧಿ ಅಂಗಡಿಗೆ ಎರಡು ವಾರ ರಜೆ ಹಾಕಿ ಬಂದಿದ್ದೇನೆ.
ಸಂಬಳವಿಲ್ಲ, ಚಹಾ ಉಂಟು.

ವಾನಾಗ್ಸ್ ಕುದುರೆಯನ್ನು ಮುಂದಿಟ್ಟ. ಇಟ್ಟೆ.
ಕಿಸ್ಪೆ ಒಂಟೆಯನ್ನು ಹಿಂದೆಳೆದ. ಎಳೆದೆ.
ಕುದುರೆ ಹಿಂದೆ ಬಂತು, ಒಂಟೆ ಮುಂದೆ ಹೋಯಿತು,
ಮತ್ತೆ ಕುದುರೆ ಮುಂದೆ, ಒಂಟೆ ಹಿಂದೆ,
ಸೀರೆ ಅಂಗಡಿಯಲ್ಲಿ ಚೌಕಾಸಿ ಮುಗಿಯದ ಹೆಂಗಸು
ಮೆಟ್ಟಿಲಿಳಿದು, ಹತ್ತಿ, ಮತ್ತೆ ಇಳಿದ ಹಾಗೆ.
ಮೂರನೆಯ ಸಲಕ್ಕೆ ಕೈ ಕುಲುಕಿದರು.

ಮುಂದಿನ ಸಾಲಿನ ಎಮ್ರಿಸ್ ಪ್ಯೂ,
ಮೂವತ್ತು ವರ್ಷ ಗಣಿಯಲ್ಲಿ ಸ್ಲೇಟುಕಲ್ಲು ಸೀಳಿದವನು,
ತಿಂಡಿ ಡಬ್ಬಿಯನ್ನು ಟಪ್ಪೆಂದು ಮುಚ್ಚಿ ಹೇಳಿದ:
"ನಾನು ಇಪ್ಪತ್ತೆರಡು ಪೌಂಡು ಕೊಟ್ಟದ್ದು
ಇಬ್ಬರಲ್ಲಿ ಒಬ್ಬನಾದರೂ ಅಳಲಿ ಅಂತ."

ನನಗೆ ಸೋದರಮಾವ ನೆನಪಾದ,
ಮೈಸೂರಿನ ಗರಡಿಯಲ್ಲಿ ಕಿವಿ ಮುದುಡಿಸಿಕೊಂಡವನು:
"ಬೆನ್ನು ಮಣ್ಣಿಗೆ ತಾಗದ ಕುಸ್ತಿ ಕುಸ್ತಿಯೇ ಅಲ್ಲ ಕಣೇ,
ಅದು ಅಪ್ಪುಗೆ."
ಜೋಡಿ ಸಮ ಅಂತ ಬಿಡಿಸಿದ ದಿನ ಜನ
ಕಡಲೆಕಾಯಿ ಸಿಪ್ಪೆ ಎಸೆಯುತ್ತಿದ್ದರಂತೆ.

ಇಲ್ಲಿ ಯಾರೂ ಏನೂ ಎಸೆಯುವುದಿಲ್ಲ.
ಕೆಮ್ಮುತ್ತಾರೆ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

ನಾನೂ ಸುಳ್ಳು ಹೇಳಲಾರೆ. ಆರನೆಯ ಆಟ ಬರೀ ಬೇಸರ.
ಹದಿನೇಳು ನಡೆ, ಅಷ್ಟೂ ಮನೆಯಲ್ಲೇ ಬಾಯಿಪಾಠ ಮಾಡಿ ತಂದದ್ದು.
ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ
ನನ್ನ ಚಹಾ ಆರುವ ಮೊದಲೇ ಎದ್ದುಹೋದರು.
ಅದರ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ.

ಆದರೆ ಒಂಬತ್ತನೆಯದು.

ಮಧ್ಯಾಹ್ನ ನಾಲ್ಕಕ್ಕೆ ಗುಡ್ಡದ ಆಡುಗಳು ಊರೊಳಗೆ ಇಳಿದವು,
ಉದ್ದ ಕೊಂಬು, ಬಿಳಿ ಗಡ್ಡ,
ಯಾವುದೋ ಮಠದಿಂದ ಸಾಲಾಗಿ ಹೊರಟು ಬಂದ ಹಾಗೆ,
ಹೋಟೆಲಿನ ಬೇಲಿ ಮೇಯುತ್ತ.
ಸಭೆಗೆ ಸಭೆಯೇ ಕಿಟಕಿಗೆ ಹೋಯಿತು.
ಎಮ್ರಿಸ್ ಕೂಡ, ಡಬ್ಬಿ ಸಮೇತ.

ಆಗ ಕಿಸ್ಪೆಯ ಕೈ ಆನೆಯ ಕಡೆ ಹೊರಟಿತು.
ಮುಟ್ಟಲಿಲ್ಲ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು,
ಹಿಂದೆ ಸರಿದು ಗಲ್ಲ ಹಿಡಿಯಿತು, ಮತ್ತೆ ಬಂತು.
ನಲವತ್ತೊಂದು ನಿಮಿಷ.
ಹಲಗೆಗೆ ಮುಖ ಕೊಟ್ಟು ನಿಂತ ನನಗೆ ಮೊದಲು ಏನೂ ಕಾಣಲಿಲ್ಲ.
ಆಮೇಲೆ ಕಂಡಿತು:
ಆನೆ ಆ ಕಾಲಾಳನ್ನು ಹೊಡೆದರೆ
(ಯಾರೇ ಆದರೂ ಹೊಡೆದಾರು, ಪುಕ್ಕಟೆ ಕಾಲಾಳು)
ನಾಲ್ಕನೇ ನಡೆಗೆ ರಾಜ ಮೂಲೆಯಲ್ಲಿ ಸಿಕ್ಕಿ ಸಾಯುತ್ತಾನೆ.
ಸೌದೆಯ ಒಟ್ಟಿಲಲ್ಲಿ ಹಾವಿತ್ತು.
ವಾನಾಗ್ಸ್ ಅದನ್ನು ಒಂದು ಗಂಟೆಯಿಂದ ಸಾಕಿಕೊಂಡು
ಮಜ್ಜಿಗೆಯಂಥ ಮುಖ ಮಾಡಿ ಕೂತಿದ್ದ.

ಕಿಸ್ಪೆಯ ಕಿವಿ ಕೆಂಪಾಯಿತು.
ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ. ಅಷ್ಟೇ.
ಹನ್ನೆರಡು ನಡೆ ಕಳೆದು ಡ್ರಾ.
ಕೋಲು ನನ್ನ ಕೈಯಲ್ಲೇ ಇತ್ತು, ಬೆವರಿತ್ತು.

ಕಿಟಕಿಯಿಂದ ಮರಳಿದವರು ಕೇಳಿದರು: ಏನಾದರೂ ಆಯಿತಾ?
ಆಗಬೇಕಾದದ್ದು ಆಗದೇ ಹೋಯಿತು,
ಅದೇ ಆದದ್ದು ಅಂದರೆ ನಕ್ಕಾರು.
"ಇಲ್ಲ" ಅಂದೆ.

ಕೋರ್ಟು ಕಂಡವರ ಗಾದೆಯೊಂದಿದೆ ನಮ್ಮಲ್ಲಿ:
ಗೆದ್ದವನು ಸೋತ, ಸೋತವನು ಸತ್ತ.
ಕೈ ಕುಲುಕಿ ಎದ್ದವರ ಬಗ್ಗೆ ಗಾದೆ ಕಟ್ಟಿದವನು ಸುಮ್ಮನಿದ್ದಾನೆ.
ಬೇಸರ ಬಂದು ಮೊದಲೇ ಮನೆಗೆ ಹೋಗಿರಬೇಕು.

ದೀಪ ಆರಿಸುವ ಹೊತ್ತಿಗೆ ಎಮ್ರಿಸ್ ಬಂದ:
"ನಾಳೆಯೂ ಡ್ರಾ ಆದರೆ ಅರ್ಧ ದುಡ್ಡು ವಾಪಸ್ಸಾ?"
"ನಾಳೆ ಕಿಟಕಿಗೆ ಹೋಗಬೇಡಿ" ಅಂದೆ.
ಅವನಿಗೆ ಅರ್ಥವಾಗಲಿಲ್ಲ. ಅದೇ ಸೀಟು ಕೇಳಿ ಬರೆಸಿಕೊಂಡ.

ಕಾಯಿಗಳನ್ನು ಒಂದೊಂದಾಗಿ ಮೊದಲಿನ ಮನೆಗೆ ಕಳಿಸಿದೆ.
ಆನೆಯ ಮೇಲೆ ಕೊಕ್ಕೆ ತುಸು ಹೊತ್ತು ನಿಂತಿತು.

ಹೊರಗೆ, ಬಾಗಿಲ ಪಕ್ಕದ ಭಿತ್ತಿಪತ್ರದಲ್ಲಿ
ಕಿಸ್ಪೆಯ ಅರ್ಧ ಮುಖ ತಿಂದು ಮುಗಿಸಿದ್ದ ಆಡೊಂದು
ವಾನಾಗ್ಸನ ಗಲ್ಲಕ್ಕೆ ಬಾಯಿ ಹಾಕುವ ಮುಂಚೆ
ಯೋಚಿಸುತ್ತ ನಿಂತಿತ್ತು.